‘ವಿಭವ ತಣ್ಹಾ’ಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಬಸವನಗುಡಿಯ ನಮ್ಮ ಓದುಕೂಟ ಬುದ್ಧಪೂರ್ಣಿಮೆಗೆಂದು ಬೌದ್ಧ ಧರ್ಮದ ಕಿರುಪರಿಚಯವೊಂದನ್ನು ಅಚ್ಚು ಹಾಕಿಸುತ್ತಿದೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಲುಂಬಿನಿ, ಬೋಧಗಯೆಗಳ ಕಥೆಯಲ್ಲಿ ತಕರಾರಿಲ್ಲ. ತೊಡಕಿರುವುದು ಸಾರನಾಥದಲ್ಲಿ, ಐವರು ತಪಸ್ವಿಗಳಿಗೆ ಬುದ್ಧ ಮಾಡಿದ ಮೊದಲ ಉಪದೇಶದಲ್ಲಿ.

ನಾಲ್ಕು ಆರ್ಯಸತ್ಯಗಳಲ್ಲಿ ಎರಡನೆಯದು ದುಃಖದ ಹುಟ್ಟನ್ನು ಕುರಿತದ್ದು. ಪಾಲಿಯಲ್ಲಿ ಅದರ ಕಾರಣ ‘ತಣ್ಹಾ’; ಸಂಸ್ಕೃತದ ತೃಷ್ಣೆ, ಅಂದರೆ ನೀರಡಿಕೆ. ‘ಆಸೆಯೇ ದುಃಖಕ್ಕೆ ಮೂಲ’ ಎಂದು ನಾವೆಲ್ಲ ಶಾಲೆಯಲ್ಲಿ ಒಪ್ಪಿಸಿದ್ದೇವೆ, ಕರಡಿನಲ್ಲೂ ಹಾಗೆಯೇ ಇದೆ. ನನಗೆ ಇದು ಸರಿಕಾಣುವುದಿಲ್ಲ. ಅಷ್ಟಾಂಗ ಮಾರ್ಗದ ಸಮ್ಯಕ್ ವ್ಯಾಯಾಮವನ್ನು, ಅಂದರೆ ಸರಿಯಾದ ಪ್ರಯತ್ನವನ್ನು, ವಿವರಿಸುವಾಗ ಸುತ್ತಗಳು (ಬುದ್ಧನ ಉಪದೇಶಗಳ ಪಾಲಿ ಪಠ್ಯಗಳು) ‘ಛಂದಂ ಜನೇತಿ’ ಎನ್ನುತ್ತವೆ: ಕೆಡುಕು ಹುಟ್ಟದಿರಲಿ, ಒಳಿತು ಬೆಳೆಯಲಿ ಎಂಬ ಬಯಕೆಯನ್ನು ಭಿಕ್ಷು ತಾನೇ ಹುಟ್ಟಿಸಿಕೊಳ್ಳುತ್ತಾನೆ. ಆಸೆಯೆಲ್ಲವೂ ದುಃಖದ ಬೇರಾದರೆ ಬಿಡುಗಡೆಯ ಆಸೆಯನ್ನು ಎಲ್ಲಿಡುವುದು?

ನಾನು ‘ದಾಹ’ ಎನ್ನುತ್ತೇನೆ. (‘ಬಾಯಾರಿಕೆ’ ಮಜ್ಜಿಗೆ ಕುಡಿದರೆ ತೀರಿಹೋಗುತ್ತದೆ.) ಅಧಿಕಾರದಾಹ, ಹಣದಾಹ ಎಂದು ಪತ್ರಿಕೆಗಳು ಬರೆಯುವಾಗ, ಕುಡಿದಷ್ಟೂ ಹೆಚ್ಚುವಂಥದ್ದು ಎಂಬ ಧ್ವನಿ ಅದರಲ್ಲಿ ಇದ್ದೇ ಇರುತ್ತದೆ. ಜೊತೆಗೆ ದಾಹದ ಮೂಲಾರ್ಥ ಸುಡುವುದು. ಗಯೆಯ ಬಳಿ ಮಾಡಿದ ಆದಿತ್ತ (‘ಹೊತ್ತಿ ಉರಿಯುವ’) ಉಪದೇಶದಲ್ಲಿ ಕಣ್ಣು, ಕಿವಿ, ಮನಸ್ಸು ಎಲ್ಲವೂ ರಾಗ, ದ್ವೇಷ, ಮೋಹಗಳಿಂದ ಉರಿಯುತ್ತಿವೆ ಎಂದು ಬುದ್ಧ ಹೇಳುತ್ತಾನೆ. ನಿರ್ವಾಣವೆಂದರೆ ಆ ಉರಿ ಆರುವುದು. ನೀರಡಿಕೆ, ಉರಿ ಎರಡನ್ನೂ ಹೊರುವ ಪದ ಕೈಯಲ್ಲೇ ಇರುವಾಗ ‘ಆಸೆ’ ಏಕೆ?

ನನ್ನ ನಿಜವಾದ ಪ್ರಶ್ನೆ ಮುಂದಿನದು. ತಣ್ಹಾ ಮೂರು ಬಗೆ: ಕಾಮ, ಭವ, ವಿಭವ. ಇಂದ್ರಿಯಸುಖದ್ದು ಕಾಮ. ಇರಬೇಕು, ಏನಾದರೂ ಆಗುತ್ತಲೇ ಇರಬೇಕು ಎಂಬುದು ಭವ. ವಚನ ಓದಿದವರಿಗೆ ಈ ಪದ ಹೊಸದಲ್ಲ. ಆದರೆ ‘ವಿಭವ’ವನ್ನು ಕನ್ನಡದವರು ಸಿರಿಸಂಪತ್ತು ಎಂದೇ ಓದುತ್ತಾರೆ, ಸಂವತ್ಸರವೊಂದರ ಹೆಸರೂ ಅದೇ. ಕರಡಿನಲ್ಲಿ ‘ಐಶ್ವರ್ಯದ ಆಸೆ’ ಎಂದು ರಾಜಾರೋಷವಾಗಿ ಕೂತಿದೆ! ಇಲ್ಲಿ ಅದರ ಅರ್ಥವೇ ಬೇರೆ: ಇಲ್ಲವಾಗಿಬಿಡಬೇಕು ಎಂಬ ದಾಹ. ಆತ್ಮ ಸದಾ ಉಳಿಯುತ್ತದೆ ಎನ್ನುವ ಶಾಶ್ವತವಾದವನ್ನೂ, ಸಾವಿನೊಂದಿಗೆ ಎಲ್ಲವೂ ಮುಗಿಯಿತು ಎನ್ನುವ ಉಚ್ಛೇದವಾದವನ್ನೂ ಬುದ್ಧ ಒಪ್ಪಲಿಲ್ಲ. ವ್ಯಾಖ್ಯಾನಕಾರರು ಭವ ತಣ್ಹಾವನ್ನು ಮೊದಲನೆಯದಕ್ಕೂ ವಿಭವ ತಣ್ಹಾವನ್ನು ಎರಡನೆಯದಕ್ಕೂ ಜೋಡಿಸುತ್ತಾರೆ. ಈ ಪದವನ್ನು ಹಣದ ಕಡೆಗೆ ತಿರುಗಿಸಿದರೆ, ನಿರ್ವಾಣವೆಂದರೆ ಬರಿಯ ಇಲ್ಲವಾಗುವಿಕೆ ಎಂಬ ಹಳೆಯ ಆರೋಪಕ್ಕೆ ಬೌದ್ಧರು ಕೊಡುವ ಉತ್ತರವೇ (ಇಲ್ಲವಾಗುವ ದಾಹವೂ ದುಃಖದ ಬೇರೇ ಎಂಬುದು) ಮಾಯವಾಗುತ್ತದೆ.

‘ಅಳಿವಿನ ದಾಹ’ ಎಂದು ಬರೆದು ನೋಡಿದೆ. ಬೇರೆಯವರನ್ನು ಅಳಿಸುವ ದಾಹ ಎಂದೂ ಕೇಳಿಸುತ್ತದೆ. ‘ಅಭವ’ ಎಂದರೆ ನಮ್ಮ ಕಿವಿಗೆ ಹುಟ್ಟಿಲ್ಲದ ಶಿವ. ‘ಇಲ್ಲವಾಗುವ ದಾಹ’ ಸದ್ಯಕ್ಕೆ ಉಳಿದಿದೆ, ಆದರೆ ‘ಕಾಮ’, ‘ಭವ’ಗಳ ಪಕ್ಕದಲ್ಲಿ ಉದ್ದವಾಗಿ ತೂಗಾಡುತ್ತದೆ.

ಗಾಂಧಿನಗರದ ಮಹಾಬೋಧಿ ಸೊಸೈಟಿಯ ಕನ್ನಡ ಪ್ರಕಟಣೆಗಳನ್ನು ಹತ್ತಿರದಿಂದ ಓದಿದವರು ಅಲ್ಲಿ ಯಾವ ಪದವನ್ನು ಕಂಡಿದ್ದೀರಿ? ಹಳಗನ್ನಡದಲ್ಲಿ ‘ವಿಭವ’ ಇಲ್ಲವಾಗುವಿಕೆಯ ಅರ್ಥದಲ್ಲಿ ಬಂದಿರುವ ಒಂದಾದರೂ ಪ್ರಯೋಗವಿದ್ದರೆ ಪದ್ಯಸಮೇತ ತಿಳಿಸಿ.