ಹಿಮ್ಮಡಿ ಚುಚ್ಚಿ ಮಾಡೋ ಟೆಸ್ಟು ನಮ್ಮ ಮಗುವಿಗೂ ಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮುಂದಿನ ತಿಂಗಳು ನನ್ನ ಹೆರಿಗೆ. ಮಗು ಹುಟ್ಟಿದ ಮೇಲೆ 50 ಕಾಯಿಲೆಗಳ ಟೆಸ್ಟ್ ಪ್ಯಾಕೇಜ್ ಮಾಡಿಸಿ ಅಂತ ಆಸ್ಪತ್ರೆಯವರು ಹೇಳ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರೋ ನನ್ನಕ್ಕನ ಮಗುವಿಗೂ ಮಾಡಿದ್ರು, ಅಲ್ಲಿ ಅದು ಸರ್ಕಾರದ ರೂಲ್ ಅಂತೆ. ನಮ್ಮತ್ತೆ ಮಾತ್ರ "ಸುಮ್ನೆ ದುಡ್ಡು ಕೀಳೋಕೆ" ಅಂತಾರೆ. ಅಷ್ಟು ಮುಖ್ಯ ಆಗಿದ್ರೆ ನಮ್ಮ ಸರ್ಕಾರವೂ ಮಾಡಿಸ್ತಿತ್ತು, ಅಲ್ವಾ?

ಉತ್ತರ (ಮಕ್ಕಳ ವೈದ್ಯೆ): ನಿಮ್ಮತ್ತೆ ಹೇಳೋದು ಪೂರ್ತಿ ತಪ್ಪೇನಲ್ಲ. ಆ 50ರಲ್ಲಿ ಬಹಳಷ್ಟು ತೀರಾ ಅಪರೂಪದವು. ಆದರೆ ಥೈರಾಯ್ಡ್ ಪರೀಕ್ಷೆ ಒಂದನ್ನು ಬಿಡಬೇಡಿ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಸಾವಿರ ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನ್ ಸಾಲುವುದಿಲ್ಲ. ಹುಟ್ಟಿದಾಗ ಏನೂ ಗೊತ್ತಾಗುವುದಿಲ್ಲ. ಮಗು ಜಾಸ್ತಿ ಅಳುವುದಿಲ್ಲ, ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತದೆ. ಅಜ್ಜಿಯರು "ಎಷ್ಟು ಸಮಾಧಾನದ ಕೂಸು" ಅಂತ ಹೊಗಳುತ್ತಾರೆ. ಅಷ್ಟರಲ್ಲಿ ಮೆದುಳಿಗೆ ಪೆಟ್ಟು ಬೀಳುತ್ತಿರುತ್ತದೆ. ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಎಲ್ಲ ಮಕ್ಕಳ ಹಾಗೇ ಬೆಳೆಯುತ್ತದೆ. ಆ ಮಾತ್ರೆಯೇನು ದುಬಾರಿಯಲ್ಲ.

ಇನ್ನು ಸರ್ಕಾರದ ವಿಷಯ. 2013ರಲ್ಲಿ ಕೇಂದ್ರ ಶುರು ಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ತಿರುಚಿದ ಪಾದದಂಥ ಕಣ್ಣಿಗೆ ಕಾಣುವ ತೊಂದರೆಗಳನ್ನು ನೋಡುತ್ತಾರೆ. ಥೈರಾಯ್ಡ್ ಹೆಸರೂ ಪಟ್ಟಿಯಲ್ಲಿದೆ, ಆದರೆ ರಾಜ್ಯಗಳಿಗೆ ಬೇಕಿದ್ದರೆ ಮಾತ್ರ. ಕೇರಳ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡಿಸುತ್ತದೆ. ಗೋವಾ 2008ರಲ್ಲೇ ಶುರು ಮಾಡಿತ್ತು. ಅಷ್ಟೇಕೆ, 1980ರ ದಶಕದಲ್ಲೇ ನಮ್ಮ ಬೆಂಗಳೂರಿನಲ್ಲಿ ಲಕ್ಷದಷ್ಟು ಶಿಶುಗಳ ರಕ್ತ ಪರೀಕ್ಷೆ ನಡೆದಿತ್ತು! 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈಗ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಕಾಯಿಲೆ ಬಂದ ಮೇಲೆ ಲಕ್ಷಗಟ್ಟಲೆ ಕೊಡೋಕೆ ತಯಾರು, ಹುಟ್ಟಿದಾಗ ಒಂದು ಹನಿ ರಕ್ತ ನೋಡೋಕೆ ದೇಶಕ್ಕೆಲ್ಲ ಒಂದು ನಿಯಮವಿಲ್ಲ. ನನಗಂತೂ ಇದು ತಲೆಕೆಳಗಾದ ಲೆಕ್ಕ ಅನಿಸುತ್ತದೆ.

ಪ್ರಶ್ನೆ: ಡಾಕ್ಟ್ರೇ, ಮಗುವಿಗೆ ತುಂಬಾ ನೋವಾಗುತ್ತಾ? ಯಾವಾಗ ಮಾಡಿಸಬೇಕು?

ಉತ್ತರ: ಹಿಮ್ಮಡಿಯ ಪಕ್ಕದಲ್ಲಿ ಚುಚ್ಚಿ, ದಪ್ಪ ಕಾಗದದ ಮೇಲಿರುವ ಉಂಗುರಗಳನ್ನು ರಕ್ತದಿಂದ ತುಂಬಿಸುತ್ತಾರೆ. ಆಗ ಎದೆಹಾಲು ಕುಡಿಸುತ್ತಿದ್ದರೆ ಅಳು ಕಡಿಮೆ. 48 ಗಂಟೆ ಕಳೆದ ಮೇಲೆ ಮಾಡಿಸಿದರೆ ಒಳ್ಳೆಯದು. ಹುಟ್ಟಿದ ದಿನ ಟಿ.ಎಸ್.ಎಚ್. (ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್, ಥೈರಾಯ್ಡ್ ಕಡಿಮೆಯಿದ್ದರೆ ಇದು ಏರುತ್ತದೆ) ಎಲ್ಲ ಮಕ್ಕಳಿಗೂ ಏರಿರುತ್ತದೆ, ಸುಮ್ನೆ ಗಾಬರಿಯಾಗುತ್ತದೆ. ಬೇಗ ಡಿಸ್ಚಾರ್ಜ್ ಮಾಡಿದರೆ ಯಾವತ್ತು ಬರಬೇಕು ಅಂತ ಬರೆಸಿಕೊಳ್ಳಿ. ಮೊದಲ ವರದಿಯಲ್ಲಿ ಜಾಸ್ತಿ ಬಂದರೂ ಅದೇ ಕೊನೆಯಲ್ಲ, ನರದಿಂದ ರಕ್ತ ತೆಗೆದು ಖಚಿತ ಮಾಡಿಕೊಳ್ಳುತ್ತೇವೆ.

ಪ್ರಶ್ನೆ: ಮೇಡಂ, ನನ್ನ ತಂಗಿ ಸೋದರಮಾವನನ್ನೇ ಮದುವೆಯಾಗಿದ್ದಾಳೆ. ಮೊದಲ ಕೂಸು ಒಂದೇ ವಾರದಲ್ಲಿ ತೀರಿಕೊಂಡಿತು. ಕಾರಣ ಗೊತ್ತಾಗಲಿಲ್ಲ. ಈಗ ಮತ್ತೆ ಬಸುರಿ.

ಉತ್ತರ: ಕೇಳಿ ಬೇಜಾರಾಯ್ತಮ್ಮ. ಅವರಿಗೆ ಮಾತ್ರ ಆ ದೊಡ್ಡ ಪ್ಯಾಕೇಜನ್ನೇ ಮಾಡಿಸಿ ಅಂತೀನಿ. ರಕ್ತಸಂಬಂಧದ ಮದುವೆಯಲ್ಲಿ ಹಾಲಿನ ಪ್ರೋಟೀನು ಜೀರ್ಣವಾದ ಮೇಲೆ ಬರುವ ಅಂಶಗಳನ್ನು ದೇಹ ನಿಭಾಯಿಸಲಾಗದ ಕಾಯಿಲೆಗಳು ಬರುವ ಸಾಧ್ಯತೆ ಜಾಸ್ತಿ. ಆದರೆ ಹೆರಿಗೆವರೆಗೆ ಕಾಯಬೇಡಿ. ಹಳೆಯ ಡಿಸ್ಚಾರ್ಜ್ ಚೀಟಿಗಳನ್ನೆಲ್ಲ ಹಿಡಿದು ಈಗಲೇ ಜೆನೆಟಿಕ್ಸ್ ವೈದ್ಯರನ್ನು ನೋಡಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮೊದಲ ಮಗುವಿನ ವಿಷಯ ಹೆರಿಗೆ ಡಾಕ್ಟರಿಗೂ ಮುಂಚೆಯೇ ಹೇಳಿಡಿ.