ಪದಚರ್ಚೆ: ಪ್ರಚಾರ ಕೇಳಿ ಕೇಳಿ ಮತದಾರನಿಗೆ ಆಗುವುದು ‘ದಣಿವೋ’, ‘ಮುಖ ಹೊಡೆಯುವುದೋ’?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಗಂಟುಬಿದ್ದು ವಾರವಾಯಿತು. 2024ರ ಲೋಕಸಭಾ ಚುನಾವಣೆಯ ಬಗ್ಗೆ ಇಂಗ್ಲಿಷಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ವೋಟರ್ ಫಟೀಗ್’ ಅನ್ನುವ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ಪ್ರಚಾರದ ಜಾಹೀರಾತು ನೋಡಿ ನೋಡಿ, ಕೇಳಿ ಕೇಳಿ ಮತದಾರನಿಗೆ ಆಗುತ್ತದಲ್ಲ, ಅದು. ನಿಘಂಟು ತೆಗೆದರೆ ದಣಿವು, ಆಯಾಸ, ಬಳಲಿಕೆ ಸಿಕ್ಕವು. ‘ಮತದಾರರ ದಣಿವು’ ಅಂತ ಬರೆದು ಮುಂದೆ ಹೋದೆ.

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುವ ಅಭ್ಯಾಸ ನನಗೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ದೊಡ್ಡಮ್ಮ ತಲೆಯೆತ್ತದೆ, “ದಣಿಯೋದು ಅವರಲ್ವೇನೋ? ಬಿಸಿಲಲ್ಲಿ ಬೀದಿಬೀದಿ ಅಲೆದೋರು ಅವರು. ನಾವು ಕೂತ ಕಡೆ ಕೂತಿದ್ವಿ. ನಮಗ್ಯಾಕೆ ದಣಿವು?” ಅಂದರು.

ಹೌದಲ್ಲ ಅನ್ನಿಸಿತು. ಕನ್ನಡದಲ್ಲಿ ದಣಿಯಬೇಕಾದರೆ ಮೈ ಬಗ್ಗಿಸಿರಬೇಕು. ಉತ್ತ ಎತ್ತು ದಣಿಯುತ್ತದೆ, ನಡೆದ ಕಾಲು ದಣಿಯುತ್ತದೆ. ಸುಮ್ಮನೆ ಕೂತವನ ಕಿವಿಗೆ ಬಂದು ಬಡಿದದ್ದಕ್ಕೆ ದಣಿವು ಅನ್ನುವುದಿಲ್ಲ. ‘ಕಣ್ದಣಿಯೆ’, ‘ಮನದಣಿಯೆ’ ಇದೆಯಲ್ಲ, ಸಾಕೆನ್ನಿಸುವಷ್ಟು ಎಂಬ ಅರ್ಥ ಅಲ್ಲಿದೆಯಲ್ಲ ಅಂತ ವಾದ ಹೂಡೋಣ ಅಂದುಕೊಂಡೆ. ಆದರೆ ಅದು ‘ತಣಿ’, ಆದೇಶಸಂಧಿಯಲ್ಲಿ ‘ದಣಿ’ ಆಗಿದೆ ಅಂತ ನಿಮ್ಮಲ್ಲೇ ಯಾರಾದರೂ ಎದ್ದು ನಿಲ್ಲುತ್ತೀರಿ. ಅಲ್ಲದೆ ಅದು ಖುಷಿಯಿಂದ ಸಾಕಾಗುವುದು. ನಮಗೆ ಬೇಕಾದದ್ದು ಇನ್ನೊಂದು ಬಗೆಯ ಸಾಕು.

“ಹಂಗಾದ್ರೆ ನಿಮಗೇನಾಗಿತ್ತು?” ಅಂತ ದೊಡ್ಡಮ್ಮನನ್ನೇ ಕೇಳಿದೆ. “ಮುಖ ಹೊಡೆದುಹೋಗಿತ್ತು ಕಣೋ” ಅಂದರು.

ಹಳೇ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯೂಟದಲ್ಲಿ ಎಲೆಯ ಮೇಲೆ ಕೈ ಅಡ್ಡ ಇಟ್ಟರೂ ಕೇಳದೆ ಮೂರನೇ ಸಲ ಹೋಳಿಗೆ ಬಡಿಸಿದರೆ ಆಗುವುದು ಅದೇ. ಹೋಳಿಗೆ ಕೆಟ್ಟಿಲ್ಲ, ಹೊಟ್ಟೆ ಕೆಟ್ಟಿಲ್ಲ, ಆದರೂ ಅದರ ಕಡೆ ತಿರುಗಿ ನೋಡಲಾಗುವುದಿಲ್ಲ. ದೊಡ್ಡಮ್ಮನ ಮಟ್ಟಿಗೆ ಜಾಹೀರಾತಿನದೂ ಇದೇ ಕಥೆ. ಮೊದಮೊದಲು ಅವರಿಗೆ ಖುಷಿಯೇ ಆಗಿತ್ತು. ಕೇಂದ್ರ ಸರ್ಕಾರ ಕರ್ನಾಟಕಕ್ಕೆ ಕೊಟ್ಟದ್ದು ‘ಚೊಂಬು’ ಅಂತ ಕಾಂಗ್ರೆಸ್ಸಿನವರು ಪತ್ರಿಕೆಗಳಲ್ಲಿ ಚೊಂಬಿನ ಚಿತ್ರ ಹಾಕಿಸಿದ ದಿನ ನಕ್ಕು, ಅದನ್ನು ಪಕ್ಕದ ಮನೆಯವರಿಗೂ ತೋರಿಸಿಕೊಂಡು ಬಂದಿದ್ದರು. ಮೊಬೈಲಿಗೆ ಧ್ವನಿಮುದ್ರಿತ ಕರೆ ಬಂದು, ಅಭ್ಯರ್ಥಿಯ ಗಂಟಲು “ನಮಸ್ಕಾರ, ಚೆನ್ನಾಗಿದೀರಾ?” ಅಂದಾಗ, “ಚೆನ್ನಾಗಿದೀನಪ್ಪಾ, ನೀನು?” ಅಂತ ಎರಡು ಸಲ ಉತ್ತರವನ್ನೂ ಕೊಟ್ಟಿದ್ದರು. ಮೂರನೇ ಸಲಕ್ಕೆ ಗೊತ್ತಾಯಿತು. ಆಮೇಲೆ ಆ ನಂಬರು ಬಂದರೆ ಮೊಬೈಲನ್ನು ದಿಂಬಿನಡಿ ತಳ್ಳುತ್ತಿದ್ದರು.

ನಮ್ಮದು ಮೈಸೂರು. ಇಲ್ಲಿ ಮತದಾನ ಏಪ್ರಿಲ್ 26ಕ್ಕೆ. 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು ಅನ್ನುವ ಕಾನೂನಿನಂತೆ 24ರ ಸಂಜೆಗೆ ಆಟೋದ ಮೈಕು ಬಾಯಿ ಮುಚ್ಚಿತು. ಟಿವಿ ಮುಚ್ಚಲಿಲ್ಲ. ಶಿವಮೊಗ್ಗ, ದಾವಣಗೆರೆಯಿಂದ ಮೇಲಕ್ಕೆ ಉಳಿದ 14 ಕ್ಷೇತ್ರಗಳಿಗೆ ಮೇ 7ರಂದು ಮತದಾನ, ದೇಶದ ಕೊನೇ ಹಂತ ಜೂನ್ 1ಕ್ಕೆ. ಐಪಿಎಲ್ ಓವರುಗಳ ನಡುವೆ, ಧಾರಾವಾಹಿಯ ಒಂದೇ ಬಿಡುವಿನಲ್ಲಿ ಎರಡೆರಡು ಸಲ, ಅದೇ ಮುಖ, ಅದೇ ‘ಗ್ಯಾರಂಟಿ’. (ಆ ಪದ ಎರಡೂ ಕಡೆಯವರ ಬಾಯಲ್ಲಿ ಉರುಳಿ ಉರುಳಿ ಸವೆದುಹೋಗಿದೆ. ಅದರ ಚರ್ಚೆ ಇನ್ನೊಮ್ಮೆ.) ಬೆರಳಿನ ಶಾಯಿ ನಮ್ಮೂರಿನ ಕಾರ್ಖಾನೆಯಲ್ಲೇ ತಯಾರಾದದ್ದು, ಅದೂ ಮಾಸುತ್ತಾ ಬಂದಿತ್ತು, ಜಾಹೀರಾತು ಮಾತ್ರ ಮತ ಕೇಳುತ್ತಲೇ ಇತ್ತು. ಉಂಡು ಕೈ ತೊಳೆದವರ ಎಲೆಗೆ ಬಡಿಸಿದ ಹಾಗೆ.

ಅರ್ಥಕ್ಕೆ ‘ಮುಖ ಹೊಡೆ’ ಸರಿಯಾಗಿ ಕೂರುತ್ತದೆ. ತೊಡಕು ಇರುವುದು ನಾಮಪದದಲ್ಲಿ. ‘ಮುಖಹೊಡೆತ’ ಅಂದರೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಗುತ್ತದೆ. ‘ಮತದಾರರಿಗೆ ಮುಖ ಹೊಡೆದ ಪ್ರಚಾರ’ ಅಂತ ಶೀರ್ಷಿಕೆ ಕೊಟ್ಟರೆ ಪೊಲೀಸು ಕೇಸೇ. ‘ಮುಖಕ್ಕೆ ಹೊಡೆದ ಹಾಗೆ’ ಅನ್ನುವುದಂತೂ ಬೇರೆಯದೇ ನುಡಿಗಟ್ಟು, ಅಲ್ಲಿರುವುದು ನಿಷ್ಠುರ.

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಬೇಜಾರು’ ಫಾರಸಿಯಿಂದ ಬಂದಾಗ ರೋಸಿಹೋಗುವುದಕ್ಕೆ ಹತ್ತಿರವಿತ್ತು. ಈಗ ನಮ್ಮಲ್ಲಿ ಅದಕ್ಕೆ ನೋವಿನ ಅರ್ಥವೂ ಬಂದಿದೆ. “ಬೇಜಾರು ಮಾಡ್ಕೋಬೇಡ” ಅನ್ನುತ್ತೇವಲ್ಲ. ‘ಪ್ರಚಾರದಿಂದ ಮತದಾರರಿಗೆ ಬೇಜಾರು’ ಅಂದರೆ ಪಾಪ, ಅವರ ಮನಸ್ಸಿಗೆ ನೋವಾಯಿತು ಅನ್ನುವ ಹಾಗಿರುತ್ತದೆ. ‘ಜಿಗುಪ್ಸೆ’ಯದು ಇನ್ನೂ ವಿಚಿತ್ರ. ಅಲಂಕಾರಶಾಸ್ತ್ರದಲ್ಲಿ ಅದು ಬೀಭತ್ಸ ರಸದ ಸ್ಥಾಯಿಭಾವ, ಅಂದರೆ ಹೇಸಿಕೆ. ಪತ್ರಿಕೆಯ ಅಪರಾಧ ಸುದ್ದಿಗಳಲ್ಲಿ ‘ಜೀವನದಲ್ಲಿ ಜಿಗುಪ್ಸೆಗೊಂಡು’ ಅಂತ ಬರೆದು ಬರೆದು, ಈಗ ಆ ಪದ ಕಂಡರೆ ಮುಂದಿನ ಸಾಲು ಓದಲು ಭಯವಾಗುತ್ತದೆ. ‘ಬೇಸತ್ತು’ ಕೂಡ ‘ಸಾಲಬಾಧೆಗೆ’ ಎಂಬುದರ ಜೊತೆಗೇ ಅಂಟಿಕೊಂಡುಬಿಟ್ಟಿದೆ. ‘ರೋಸಿಹೋಗು’ ಇದೆ, ನನಗೆ ಇಷ್ಟವೂ ಹೌದು, ಆದರೆ ಅದರಲ್ಲಿ ಸಿಟ್ಟು ಜಾಸ್ತಿ. ದೊಡ್ಡಮ್ಮನಿಗೆ ಸಿಟ್ಟು ಬಂದಿರಲಿಲ್ಲ. ‘ತಲೆಚಿಟ್ಟು’ ಸದ್ದಿಗೆ ಸರಿ, ಪುಟಗಟ್ಟಲೆ ಅಚ್ಚಾದ ಮುಖಗಳಿಗೆ ಸಾಲದು.

ಒಬ್ಬ ಗೆಳೆಯರು ‘ನಿರಾಸಕ್ತಿ’ ಸೂಚಿಸಿದರು. ಒಪ್ಪಲಾರೆ. ಮತಗಟ್ಟೆ ಖಾಲಿ ಹೊಡೆದಾಗ ಪತ್ರಿಕೆಗಳು ‘ನೀರಸ ಮತದಾನ’ ಅಂತ ಬರೆಯುತ್ತವಲ್ಲ, ಅದಕ್ಕೆ ಈ ಪದ ಹೊಂದುತ್ತದೆ. ಬೆಂಗಳೂರು ದಕ್ಷಿಣದಲ್ಲಿ ಆ ಸಲ ಮತ ಹಾಕಿದವರು ಸುಮಾರು ಶೇ 53. ಅದೇ ದಿನ ಮಂಡ್ಯದಲ್ಲಿ ಶೇ 81 ದಾಟಿತು. ಮಂಡ್ಯದವರು ಜಾಹೀರಾತು ಕಡಿಮೆ ನೋಡಿದ್ದರೇ? ಮುಖ ಹೊಡೆದವರೂ ಸಾಲಿನಲ್ಲಿ ನಿಂತು ಮತ ಹಾಕುತ್ತಾರೆ. ದೊಡ್ಡಮ್ಮ ಬೆಳಗ್ಗೆ ಏಳೂಕಾಲಿಗೇ ಹಾಕಿ ಬಂದಿದ್ದರು.

ಇದೆಲ್ಲ ನೋಡುವಾಗ ಇನ್ನೊಂದು ಹೊಳೆಯಿತು. ಪ್ರಚಾರದ ಅಬ್ಬರ, ಭರಾಟೆ, ಬಿರುಸಿನ ಪ್ರಚಾರ, ಚುನಾವಣಾ ಕಾವು, ರಂಗೇರಿದ ಕಣ, ಮತಬೇಟೆ: ನಮ್ಮ ಪತ್ರಿಕೆಗಳು ಪಳಗಿಸಿಕೊಂಡ ಮಾತುಗಳೆಲ್ಲ ಮೈಕು ಹಿಡಿದವನ ಕಡೆಯವು. ಬೇಟೆಗಾರನಿಗೆ ಇಷ್ಟೊಂದು ಪದ, ಮಿಕಕ್ಕೆ ಒಂದೂ ಇಲ್ಲ. ‘ಜಾಹೀರಾತು’ ಅನ್ನುವುದನ್ನೇ ನೋಡಿ. ಜಾಹೀರು ಅಂದರೆ ಬಯಲಾದದ್ದು, ಎಲ್ಲರಿಗೂ ಗೊತ್ತಾದದ್ದು. ಗೊತ್ತಾದದ್ದನ್ನೇ ನೂರೊಂದನೇ ಸಲ ಕೇಳುವವನ ಪಾಡಿಗೆ ಹೆಸರಿಡಲು ಯಾರಿಗೂ ತೋಚಿಲ್ಲ. ಆಡುಮಾತಿನಲ್ಲಿ ಹೆಸರು ಬೇಕಾಗಿಯೂ ಇಲ್ಲವೇನೋ. “ನನಗೆ ಸಾಕಾಯ್ತು” ಅಂತ ಚತುರ್ಥಿ ವಿಭಕ್ತಿ ಹಚ್ಚಿ ಕ್ರಿಯಾಪದದಲ್ಲೇ ಮುಗಿಸುತ್ತೇವೆ. ನಾಮಪದ ಕೇಳುವುದು ಶೀರ್ಷಿಕೆ ಬರೆಯುವವರು, ನನ್ನಂಥ ಅನುವಾದಕರು.

ಹಾಗಾಗಿ ಬಲ್ಲವರಲ್ಲಿ ಕೇಳುತ್ತಿದ್ದೇನೆ. ಧಾರವಾಡದ ಕಡೆಯ ‘ಬ್ಯಾಸರಕಿ’ ನನಗೆ ಆಸೆ ಹುಟ್ಟಿಸಿದೆ, ನಾಮಪದವೂ ಹೌದು. ಆದರೆ ಅತಿಯಾಗಿ ಬಡಿಸಿದ್ದರಿಂದ ಆದದ್ದು ಅನ್ನುವ ಛಾಯೆ ಅದರಲ್ಲಿದೆಯೇ, ಇಲ್ಲಾ ಮಳೆಗಾಲದ ಮಧ್ಯಾಹ್ನ ಹೊತ್ತು ಹೋಗದಿದ್ದರೂ ಬ್ಯಾಸರಕಿಯೇ? ಮಂಗಳೂರಿನವರು ‘ಉದಾಸೀನ ಆಗ್ತದೆ’ ಅನ್ನುವುದನ್ನು ಕೇಳಿದ್ದೇನೆ. ಅದು ಇಲ್ಲಿಗೆ ಬರುತ್ತದೆಯೇ, ಬರೀ ಸೋಮಾರಿತನಕ್ಕೇ? ಅಮೆರಿಕದ ಪೆನ್ಸಿಲ್ವೇನಿಯಾ, ಮಿಶಿಗನ್ ಕಡೆಯ ಕನ್ನಡಿಗರು ಅಲ್ಲಿನ ಅಧ್ಯಕ್ಷೀಯ ಚುನಾವಣೆಯ ದಿನವಾದ 2024ರ ನವೆಂಬರ್ 5ರ ತನಕ ನಮಗಿಂತ ಹೆಚ್ಚೇ ಉಂಡಿರುತ್ತೀರಿ. ಟಿವಿ ಆರಿಸುವಾಗ ಮನೆಯಲ್ಲಿ ಕನ್ನಡದಲ್ಲಿ ಏನಂದಿರಿ?

‘ಮುಖ ಹೊಡೆ’ಗೆ ನಿಮ್ಮೂರ ಕಡೆ ನಾಮರೂಪ ಇದ್ದರಂತೂ ದಯವಿಟ್ಟು ಬಳಕೆಯ ವಾಕ್ಯದ ಸಮೇತ ತಿಳಿಸಿ. ಸದ್ಯಕ್ಕೆ ‘ದಣಿವು’ ಹೊಡೆದುಹಾಕಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.