‘ನಿದ್ದೆ ಬರಬಹುದು’ ಅಂದರೆ ಸಾಕೇ? ಮಂಪರು, ಮಂಕು, ತೂಕಡಿಕೆ

ಗೆಳೆಯರೇ,

ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಔಷಧಿಗಳ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶೀತ, ಅಲರ್ಜಿ ಮಾತ್ರೆಗಳ ಪುಟದಲ್ಲಿ ಎಚ್ಚರಿಕೆಯ ಒಂದು ಸಾಲು ಕೈಗೆ ಸಿಗುತ್ತಿಲ್ಲ. ಸಾಮಾನ್ಯವಾಗಿ ‘ನಿದ್ದೆ ಬರಬಹುದು’ ಎಂದು ಬರೆದು ಮುಗಿಸುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತಿದೆ.

ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್ ತರಹದ ಹಳೆಯ ಅಲರ್ಜಿ ಔಷಧಿಗಳನ್ನೇ ತಗೊಳ್ಳಿ. ಮೂಗು ಸೋರಿಸುವ, ಮೈ ತುರಿಸುವ ಹಿಸ್ಟಮಿನ್ ಎಂಬ ಮೈಯೊಳಗಿನ ರಾಸಾಯನಿಕಕ್ಕೆ ಅಡ್ಡ ನಿಲ್ಲುವುದು ಇವುಗಳ ಕೆಲಸ. ಆದರೆ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವುದೂ ಅದೇ ಹಿಸ್ಟಮಿನ್. ಈ ಔಷಧಿಗಳು ಮಿದುಳಿಗೂ ನುಗ್ಗಿ ಅಲ್ಲೂ ಅದನ್ನು ತಡೆಯುತ್ತವೆ. ಆಗ ಕೆಲವರಿಗೆ ಕಣ್ಣು ಎಳೆಯುತ್ತದೆ. ಇನ್ನು ಕೆಲವರಿಗೆ ನಿದ್ದೆ ಬಂದ ಹಾಗೆ ಅನ್ನಿಸುವುದೇ ಇಲ್ಲ, ಆದರೂ ಬ್ರೇಕ್ ಒತ್ತುವ ಕಾಲು ಒಂದು ಚೂರು ತಡ ಮಾಡುತ್ತದೆ. ಅಂಥವರು ‘ನಿದ್ದೆ ಬರಬಹುದು’ ಎಂದು ಓದಿ, ನನಗೇನೂ ನಿದ್ದೆ ಬಂದಿಲ್ವಲ್ಲ ಎಂದುಕೊಂಡು ಗಾಡಿ ಹತ್ತುತ್ತಾರೆ. ನನಗೆ ಭಯ ಇರುವುದು ಇವರ ಬಗ್ಗೆಯೇ.

‘ತೂಕಡಿಕೆ’ ಅಂದರೆ ತಲೆ ವಾಲಲೇಬೇಕು. ‘ಜೊಂಪು’ ಹಿತವಾದದ್ದು, ಯಾರೂ ಹೆದರುವುದಿಲ್ಲ. ‘ಅಮಲು’ ಅಂದರೆ ಕುಡಿತದ ನೆನಪು. ಅರ್ಥಕ್ಕೆ ತೀರಾ ಹತ್ತಿರ ಬರುವುದು ‘ಮಂಕು’. ಆದರೆ ‘ನೀವು ಮಂಕಾಗಬಹುದು’ ಎಂದರೆ ಬೈದ ಹಾಗಾಗುತ್ತದೆ, ಅಲ್ವಾ? ಕೊನೆಗೆ ಹೀಗೆ ಬರೆದಿದ್ದೇನೆ: ‘ಮಂಪರು ಕವಿಯಬಹುದು. ನಿದ್ದೆ ಬಂದಂತೆ ಅನ್ನಿಸದಿದ್ದರೂ ಗಮನ, ಕೈಕಾಲಿನ ಚುರುಕು ಕಡಿಮೆಯಾಗಬಹುದು. ಗಾಡಿ ಓಡಿಸಬೇಡಿ.’ ಉದ್ದವಾಯಿತು, ಗೊತ್ತು. ಆದರೆ ಎರಡನೆಯ ವಾಕ್ಯವನ್ನು ಬಿಡಲು ನನಗೆ ಮನಸ್ಸಿಲ್ಲ.

ಇನ್ನೊಂದು ತೊಡಕು. ಸೆಟಿರಿಜಿನ್, ಫೆಕ್ಸೊಫೆನಡಿನ್ ಈಚಿನ ಅಲರ್ಜಿ ಮಾತ್ರೆಗಳು. ಸೆಟಿರಿಜಿನ್ ಈ ವಿಷಯದಲ್ಲಿ ಹಳೆಯವುಗಳಿಗಿಂತ ವಾಸಿ, ಆದರೂ ಕೆಲವರಿಗೆ ಮಂಪರು ತರುತ್ತದೆ. ಫೆಕ್ಸೊಫೆನಡಿನ್ ಮಿದುಳಿಗೆ ಹೋಗುವುದೇ ತೀರಾ ಕಡಿಮೆ. ಸೆಟಿರಿಜಿನ್‌ಗೆ ‘ಕಡಿಮೆ ನಿದ್ದೆ ತರಿಸುವ ಮಾತ್ರೆ’ ಎಂದು ಬರೆದೆ. ಓದಿದ ಒಬ್ಬರು ‘ಅಂದ್ರೆ ಇದು ನಿದ್ದೆ ಕಡಿಮೆ ಮಾಡುತ್ತಾ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ‘ಅಷ್ಟಾಗಿ ಮಂಪರು ತರದ’ ಎಂದು ತಿದ್ದಿದ್ದೇನೆ.

ನಿದ್ದೆ ಓಡಿಸುವ ಮಾತ್ರೆಗಳೂ ಇವೆಯಲ್ಲ. ಕಟ್ಟಿದ ಮೂಗು ಬಿಡಿಸುವ ಸೂಡೊಎಫೆಡ್ರಿನ್ ಅಂಥದ್ದು. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಜೊತೆ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅದರಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ಇವಕ್ಕೆ ‘ನಿದ್ದೆಗೆಡಿಸುವ’ ಅಂದರೆ ಚಿಂತೆಯ ಅರ್ಥವೂ ಬಂದು ಕೂರುತ್ತದೆ. ‘ನಿದ್ದೆ ಹತ್ತದಿರಬಹುದು’ ಸುಮ್ನೆ ಸರಳವಾಗಿದೆ, ಅದನ್ನೇ ಇಟ್ಟುಕೊಂಡಿದ್ದೇನೆ.

ಉಳಿದದ್ದು ಒಂದು. ದೊಡ್ಡವರ ಮೈಯಲ್ಲಿ ಕ್ಲೋರ್‌ಫೆನಿರಮಿನ್ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಹಿಡಿಯುತ್ತದೆ. ಹಾಗಾಗಿ ರಾತ್ರಿ ನುಂಗಿದ್ದು ಬೆಳಗ್ಗೆಯೂ ತಲೆಯನ್ನು ಭಾರವಾಗಿಡಬಹುದು. ಎದ್ದಮೇಲೂ ಬಿಡದ ಈ ಮಂಪರಿಗೆ ನಿಮ್ಮ ಕಡೆ ಮಾತಿನಲ್ಲಿ ಬೇರೆ ಪದ ಇದೆಯೇ? ‘ನಿದ್ದೆಗಣ್ಣು’ ನನಗೂ ಹೊಳೆದಿದೆ. ಆದರೆ ಅದು ಮುಖ ತೊಳೆದರೆ ಹೋಗುವಂಥದ್ದು. ಮಾತ್ರೆಯದು ಹಾಗೆ ಹೋಗುವುದಿಲ್ಲ.